ಮುಚ್ಚಿದ ಕಾಗದದ ಬೆನ್ನು ಹತ್ತಿ: ಸ್ಟಾಕ್‌ಹೋಮ್‌ನಿಂದ ಸ್ಟ್ರಾಸ್‌ಬರ್ಗ್‌ಗೆ

ಮೊದಲ ದಿನ: ಜೂನ್ 2, 2025, ಸೋಮವಾರ

ಅರ್ಲಾಂಡಾ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ರಾತ್ರಿ ಎಂಟೂವರೆ. ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು. ಭಾವ ಕಾರು ತಂದಿದ್ದರು. ಅಕ್ಕನ ಮನೆ ಇರುವ ಬಡಾವಣೆಯನ್ನು ಬರೆಯುವುದು ಕಿಸ್ತಾ ಅಂತ, ಕರೆಯುವುದು ಶೀಸ್ತಾ ಅಂತ. ಟೆಲಿಕಾಂ, ಸಾಫ್ಟ್‌ವೇರ್ ಕಂಪನಿಗಳು ತುಂಬಿರುವ ಜಾಗ. ಮೆಟ್ಟಿಲು ಹತ್ತುವಾಗಲೇ ಅಕ್ಕಿರೊಟ್ಟಿ ವಾಸನೆ ಬಂತು.

"ಬಂದವರೆಲ್ಲ ಅರಮನೆ ತೋರಿಸು, ವಾಸಾ ಹಡಗು ತೋರಿಸು ಅಂತಾರೆ. ನೀನು ನೋಡಿದರೆ ಯಾವುದೋ ಚೌಕ, ಯಾವುದೋ ಬೇಲಿ ನೋಡ್ಬೇಕು ಅಂತೀಯಲ್ಲೋ" ಅಂದಳು ಅಕ್ಕ.

ಅವಳಿಗೆ ಅವತ್ತು ರಾತ್ರಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಾನು ಹದಿನಾಲ್ಕು ವರ್ಷದಿಂದ ಕೋಡ್ ಬರೆದು ಬದುಕುತ್ತಿರುವವನು. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯಲ್ಲಿ ಇದ್ದೆ. ಮನೆಗೆ ಔಷಧಿ ತಲುಪಿಸುವ ಆ್ಯಪ್ ಅದು. ಒಂದು ದಿನ ಏನೋ ತಪ್ಪು ಹುಡುಕುವಾಗ ಪರೀಕ್ಷೆಗೆ ಇಟ್ಟಿದ್ದ ಡೇಟಾಬೇಸ್ ತೆರೆದೆ. ಅದರಲ್ಲಿ ಸುಳ್ಳು ಹೆಸರುಗಳಿರಬೇಕಿತ್ತು. ಇದ್ದದ್ದು ನಿಜವಾದ ಜನ. ಪರದೆ ಮೇಲೆ ಬಂದ ಸಾಲಿನಲ್ಲಿ ಹಾಸನದ ಒಂದು ಬೀದಿಯ ಹೆಸರಿತ್ತು. ಪಕ್ಕದಲ್ಲಿ ನನಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರ ಹೆಸರು. ಅದರ ಪಕ್ಕ, ಕೈನಡುಕದ ಕಾಯಿಲೆಗೆ ಕೊಡುವ ಮಾತ್ರೆಗಳ ಪಟ್ಟಿ.

ಅದಕ್ಕೆ ಎರಡು ತಿಂಗಳ ಮುಂಚೆ ಒಂದು ಮದುವೆ ಮನೆಯಲ್ಲಿ ಮೇಷ್ಟ್ರು ಸಿಕ್ಕಿದ್ದರು. ಅಷ್ಟು ಹೊತ್ತು ಮಾತಾಡಿದರೂ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಿಂದ ಆಚೆಗೆ ತೆಗೆಯಲಿಲ್ಲ. ಯಾಕೆ ಅಂತ ಆ ಪರದೆ ನೋಡಿದಾಗ ಗೊತ್ತಾಯಿತು. ಅವರು ಊರಿಗೆಲ್ಲ ಮುಚ್ಚಿಟ್ಟಿದ್ದನ್ನು ನಾನು ಬೆಂಗಳೂರಿನಲ್ಲಿ ಕುರ್ಚಿ ಮೇಲೆ ಕೂತು ಓದಿಬಿಟ್ಟಿದ್ದೆ. ಯಾವ ಬೀಗವನ್ನೂ ಒಡೆದಿರಲಿಲ್ಲ. ಅಲ್ಲಿ ಬೀಗವೇ ಇರಲಿಲ್ಲ. ಮೇಲಿನವರಿಗೆ ಹೇಳಿದೆ. "ಎಲ್ಲ ಕಡೆನೂ ಹೀಗೇ ಇರುತ್ತೆ" ಅಂದರು. ನಾನೂ ಸುಮ್ಮನಾದೆ. ಆ ಸುಮ್ಮನಾಗಿದ್ದು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಇದೆ.

ಆಮೇಲೆ ಹುಡುಕಿ ಹುಡುಕಿ ಓದತೊಡಗಿದೆ. ನಮ್ಮ ಕಸುಬಿನವರೇ ಯಾರಾದರೂ ಎದ್ದು ನಿಂತು, ಮತ ಕೇಳಿ, ಸಂಸತ್ತಿನ ಒಳಗೆ ಹೋಗಿ ಇದನ್ನು ಹೇಳಿದ್ದಾರಾ ಅಂತ. ಆಗ ಸಿಕ್ಕಿದ ಹೆಸರು ಕ್ರಿಸ್ಟಿಯಾನ್ ಎಂಗ್‌ಸ್ಟ್ರೋಮ್. ಸ್ಟಾಕ್‌ಹೋಮ್‌ನ ಪ್ರೋಗ್ರಾಮರ್. 1960ರಲ್ಲಿ ಹುಟ್ಟಿದವರು. 2009ರಲ್ಲಿ ಯುರೋಪಿಯನ್ ಸಂಸತ್ತಿಗೆ ಗೆದ್ದು ಹೋದವರು. ಅವರು ನಡೆದ ದಾರಿಯನ್ನು ಒಮ್ಮೆ ಕಾಲಿನಿಂದ ನಡೆದು ನೋಡಬೇಕು ಅಂತ ಈ ರಜೆ ಹಾಕಿದ್ದು.

ಎರಡನೇ ದಿನ: ಜೂನ್ 3, ಮಂಗಳವಾರ

ಬೇಕೆಂದೇ ಈ ದಿನ ಆರಿಸಿಕೊಂಡಿದ್ದೆ. ಗಾಮ್ಲಾ ಸ್ತಾನ್ ಅಂದರೆ ಹಳೇ ಪಟ್ಟಣ. ಅದರ ಉತ್ತರದ ತುದಿಯಲ್ಲಿ ಮಿಂಟ್‌ಟೋರ್ಯೆಟ್ ಅನ್ನುವ ಚೌಕ. ಕಲ್ಲು ಹಾಸಿದ ಸಣ್ಣ ಬಯಲು, ಅಷ್ಟೇ. ಒಂದು ಕಡೆ ಅರಸರ ಅರಮನೆ. ಎದುರಿಗೆ ಕಿರಿದಾದ ಕಾಲುವೆ, ಅದರ ಮೇಲೊಂದು ಸೇತುವೆ, ಸೇತುವೆ ದಾಟಿದರೆ ಸ್ವೀಡನ್ನಿನ ಸಂಸತ್ತು ರಿಕ್ಸ್‌ಡಾಗ್. ಸಂಸತ್ತಿನ ಎರಡು ಕಟ್ಟಡಗಳ ನಡುವೆಯೇ ಜನ ಓಡಾಡುವ ಬೀದಿ ಇದೆ. ಐಸ್‌ಕ್ರೀಮ್ ತಿನ್ನುತ್ತಾ ಹೋಗಬಹುದು, ಯಾರೂ ತಡೆಯುವುದಿಲ್ಲ. ನನಗೆ ನಮ್ಮ ವಿಧಾನಸೌಧದ ಮುಂದಿನ ಕಬ್ಬಿಣದ ಬೇಲಿ ನೆನಪಾಯಿತು.

2006ರ ಮೇ 31ರಂದು ಪೊಲೀಸರು ಪೈರೇಟ್ ಬೇ ಅನ್ನುವ, ಹಾಡು ಸಿನಿಮಾಗಳ ಫೈಲ್ ಹಂಚುವ ತಾಣದ ಸರ್ವರ್‌ಗಳನ್ನು ಹೊತ್ತುಕೊಂಡು ಹೋದರು. ಅದೇ ಜಾಗದಲ್ಲಿದ್ದ, ಸಂಬಂಧವೇ ಇಲ್ಲದ ಬೇರೆಯವರ ಸರ್ವರ್‌ಗಳೂ ಹೋದವು. ಮೂರನೇ ದಿನ, ಜೂನ್ 3ರಂದು, ಅದನ್ನು ವಿರೋಧಿಸಿ ಈ ಚೌಕದಲ್ಲಿ ಜನ ಸೇರಿದರು. ಮಾತಾಡಿದವರಲ್ಲಿ ರಿಕ್ ಫಾಲ್ಕ್‌ವಿಂಗೆ ಒಬ್ಬರು. ಅವರೂ ಕಂಪ್ಯೂಟರ್ ಕಸುಬಿನವರೇ. ಅದೇ ವರ್ಷದ ಜನವರಿ 1ರಂದು ಪೈರೇಟ್ ಪಾರ್ಟಿ ಅನ್ನುವ ಪಕ್ಷ ಹುಟ್ಟುಹಾಕಿದ್ದರು. ಎಂಗ್‌ಸ್ಟ್ರೋಮ್ ಆ ಪಕ್ಷದ ಉಪಾಧ್ಯಕ್ಷರಾದರು.

ಹೆಸರು ಕೇಳಿದರೆ ಕಡಲ್ಗಳ್ಳರ ಪಕ್ಷ. ನನಗೆ ಆ ಹೆಸರು ಇಷ್ಟವಿಲ್ಲ. ಹಾಡು ಕಟ್ಟಿದವನಿಗೆ, ಸಿನಿಮಾ ಮಾಡಿದವನಿಗೆ ಕೂಲಿ ಸಿಗಲೇಬೇಕು ಅನ್ನುವವನು ನಾನು. ಕಾಪಿರೈಟ್ ವಿಷಯದಲ್ಲಿ ಅವರು ಹೇಳಿದ್ದನ್ನೆಲ್ಲ ಒಪ್ಪಲಾರೆ. ಆದರೆ ಅವರ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ಅಪ್ಪ ಅಮ್ಮಂದಿರು ಕಾಗದ ಬರೆದು, ಅಂಟಿಸಿ, ಡಬ್ಬಕ್ಕೆ ಹಾಕುತ್ತಿದ್ದರು. ದಾರಿಯಲ್ಲಿ ಅದನ್ನು ಒಡೆಯುವ ಹಕ್ಕು ಯಾರಿಗೂ ಇರಲಿಲ್ಲ. ಅದೇ ಹಕ್ಕು ಅವರ ಮಕ್ಕಳ ಇಮೇಲ್‌ಗೆ ಯಾಕಿಲ್ಲ? ಇದು ಅವರ ವಾದ.

ಚೌಕದ ಒಂದು ಮೂಲೆಯಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ನಮ್ಮೂರಿನ ಪೋಸ್ಟ್‌ಮ್ಯಾನ್ ಪೋಸ್ಟ್‌ಕಾರ್ಡ್ ಬಂದರೆ ಓದಿಕೊಂಡೇ ಬರುತ್ತಿದ್ದ. "ನಿಮ್ಮ ತಂಗಿಗೆ ಗಂಡು ಮಗುವಂತೆ ಕಣಮ್ಮಾ" ಅಂತ ಬೀದಿಯಿಂದಲೇ ಕೂಗುತ್ತಿದ್ದ. ಅದೇ ನೀಲಿ ಇನ್‌ಲ್ಯಾಂಡ್ ಲೆಟರ್ ಬಂದರೆ ಬಾಯಿ ಮುಚ್ಚಿಕೊಂಡು ಕೈಗೆ ಕೊಟ್ಟು ಹೋಗುತ್ತಿದ್ದ. ಅಮ್ಮ ಅಡುಗೆಮನೆಗೆ ಹೋಗಿ, ಕೂದಲಿನ ಪಿನ್ ಹಾಕಿ ಅಂಚನ್ನು ನಿಧಾನಕ್ಕೆ ಬಿಡಿಸುತ್ತಿದ್ದಳು. ಅಂಟಿನ ಜಾಗದವರೆಗೂ ಅಕ್ಷರ ಇರುತ್ತಿತ್ತಲ್ಲ, ಹರಿದರೆ ಒಂದು ಸಾಲು ಹೋಗುತ್ತಿತ್ತು. ಸಾಮಾನ್ಯ ಇಮೇಲ್ ಅಂದರೆ ಪೋಸ್ಟ್‌ಕಾರ್ಡ್. ಈಗಿನ ಗೂಢಲಿಪಿಯ ಮೆಸೇಜ್ ಅಂದರೆ ಇನ್‌ಲ್ಯಾಂಡ್. ಇಬ್ಬರ ಫೋನ್‌ನಲ್ಲಿ ಮಾತ್ರ ಅದು ತೆರೆಯುತ್ತದೆ, ನಡುವಿನವರಿಗೆ ತೆರೆಯುವುದಿಲ್ಲ. ಎಂಗ್‌ಸ್ಟ್ರೋಮ್ ಥರದವರು ಕೇಳಿದ್ದು ಇಷ್ಟೇ. ನಮ್ಮ ಇನ್‌ಲ್ಯಾಂಡ್ ನಮಗೆ ಬಿಡಿ.

2006ರ ಸೆಪ್ಟೆಂಬರ್ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕಿದ್ದು ಶೇ 0.63 ಮತ. ಒಂದು ಸೀಟೂ ಇಲ್ಲ. ನಮ್ಮ ಕಡೆ ಆಗಿದ್ದರೆ ಠೇವಣಿ ಹೋಯಿತು ಅಂತಿದ್ದರು. ಅವರು ಮನೆಗೆ ಹೋಗಲಿಲ್ಲ.

ಇದೇ ಚೌಕದಲ್ಲಿ ಆಮೇಲೆ ಗ್ರೇಟಾ ಥನ್‌ಬರ್ಗ್ ಶುಕ್ರವಾರಗಳಂದು ಕೂರುತ್ತಿದ್ದಳು. ನಾನು ಹೋದ ದಿನ ಯಾರೂ ಕೂತಿರಲಿಲ್ಲ. ಒಬ್ಬ ಅಜ್ಜಿ ಮಾತ್ರ ಕೈಗಾಡಿಯಲ್ಲಿ ಮೊಮ್ಮಗುವನ್ನು ಕೂರಿಸಿಕೊಂಡು ಕಲ್ಲುಗಳ ಮೇಲೆ ಕುಲುಕಾಡಿಸುತ್ತಾ ಹೋದಳು. ಮಗು ಕೇಕೆ ಹಾಕಿ ನಗುತ್ತಿತ್ತು.

ಮೂರನೇ ದಿನ: ಜೂನ್ 4, ಬುಧವಾರ

ಮೆಟ್ರೋದಲ್ಲಿ ಬ್ರೊಮ್ಮಾಪ್ಲಾನ್‌ವರೆಗೆ ಹೋಗಿ, ಅಲ್ಲಿಂದ ಬಸ್. ನೀರು ದಾಟಿದರೆ ಲೂವೋನ್ ದ್ವೀಪ. ಎಲ್ಲರೂ ಡ್ರಾಟ್ನಿಂಗ್‌ಹೋಮ್ ಅರಮನೆ ಹತ್ತಿರ ಇಳಿದರು. ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ, ಚೆನ್ನಾಗಿದೆ. ಅರ್ಧ ಗಂಟೆ ನೋಡಿ ಮುಂದೆ ನಡೆದೆ. ಭಾವ ರಜೆ ಹಾಕಿ ಜೊತೆಗೆ ಬಂದಿದ್ದರು.

ಹೊಲ, ಕುದುರೆ, ಹಳದಿ ಹೂವು. ಅವುಗಳ ಮಧ್ಯೆ ಬೇಲಿ. ಅದರ ಮೇಲೆ ಹಳದಿ ಬೋರ್ಡು. ಒಳಗೆ ಹೋಗಬೇಡಿ, ಫೋಟೋ ತೆಗೆಯಬೇಡಿ ಅಂತ. ಇದು ಎಫ್‌ಆರ್‌ಎ, ಸ್ವೀಡನ್ನಿನ ಸಂಕೇತ ಗೂಢಚರ್ಯೆ ಸಂಸ್ಥೆ, ಅಂದರೆ ಸಂದೇಶಗಳನ್ನು ಕದ್ದು ಕೇಳುವ ಸರ್ಕಾರಿ ಕಿವಿ. 1942ರಲ್ಲಿ ಶುರುವಾದದ್ದು. ಫೋನನ್ನು ಜೇಬಿಗೆ ಹಾಕಿಕೊಂಡೆವು.

ಇದರ ಮೂಲದಲ್ಲಿ ಒಂದು ಹೆಮ್ಮೆಯ ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ನಾರ್ವೆಯನ್ನು ಹಿಡಿದಾಗ ಅವರ ತಂತಿ ಸಂದೇಶಗಳು ಸ್ವೀಡನ್ ಮೂಲಕವೇ ಹಾದು ಹೋಗುತ್ತಿದ್ದವು. ಗಣಿತಜ್ಞ ಆರ್ನೆ ಬ್ಯೂರ್ಲಿಂಗ್ 1940ರಲ್ಲಿ ಬರೀ ಪೆನ್ನು ಕಾಗದ ಹಿಡಿದು, ಎರಡೇ ವಾರದಲ್ಲಿ ಆ ಯಂತ್ರದ ಗೂಢಲಿಪಿಯನ್ನು ಬಿಡಿಸಿದರು. ಗಣಿತದ ಮೇಷ್ಟ್ರ ಶಿಷ್ಯನಾದ ನನಗೆ ಇದನ್ನು ಓದಿದಾಗ ಮೈ ಝುಂ ಅಂದಿತ್ತು. ದೇಶಕ್ಕೆ ಕಿವಿ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ 2008ರ ಜೂನ್ 18ರಂದು ಒಂದು ಕಾನೂನು ಬಂತು. ರಿಕ್ಸ್‌ಡಾಗ್‌ನಲ್ಲಿ ಪರವಾಗಿ 143, ವಿರುದ್ಧವಾಗಿ 138. ಐದೇ ಮತದ ಅಂತರ. ದೇಶದ ಗಡಿ ದಾಟುವ ಕೇಬಲ್‌ಗಳ ಮಾಹಿತಿಯನ್ನೆಲ್ಲ ಎಫ್‌ಆರ್‌ಎ ಜರಡಿ ಹಿಡಿಯಬಹುದು ಅಂತ. ಒಬ್ಬ ಕಳ್ಳನ ಮೇಲೆ ಅನುಮಾನ ಬಂದು ಅವನ ಮನೆ ಬಾಗಿಲಲ್ಲಿ ನಿಲ್ಲುವುದು ಬೇರೆ. ಊರಿಗೆ ಬರುವ ಎಲ್ಲ ಅಂಚೆ ಚೀಲವನ್ನೂ ಒಂದು ಜಾಗದಲ್ಲಿ ಸುರಿದು ಹುಡುಕುವುದು ಬೇರೆ. ಇಂಟರ್ನೆಟ್‌ನಲ್ಲಿ ಸ್ವೀಡನ್ನಿನ ಇಬ್ಬರು ಅಕ್ಕಪಕ್ಕದ ಮನೆಯವರ ಮೆಸೇಜ್ ಕೂಡ ಹೊರದೇಶದ ಸರ್ವರ್‌ಗೆ ಹೋಗಿ ಬರಬಹುದು. ಗಡಿ ಎಲ್ಲಿದೆ ಅಂತ ಕಾನೂನು ಬರೆದವರಿಗಿಂತ ಪ್ರೋಗ್ರಾಮರ್‌ಗೆ ಜಾಸ್ತಿ ಗೊತ್ತಿತ್ತು. ಪೈರೇಟ್ ಪಾರ್ಟಿಯವರ ಮಾತಿಗೆ ತೂಕ ಬಂದದ್ದೇ ಅಲ್ಲಿಂದ.

"ಹಾಗಾದರೆ ನಿನ್ನ ಅಕ್ಕ ಭಾನುವಾರ ಹಾಸನಕ್ಕೆ ಮಾಡೋ ಫೋನೂ ಇಲ್ಲಿಗೆ ಬರುತ್ತಾ?" ಭಾವ ಕೇಳಿದರು.

"ಗಡಿ ದಾಟುತ್ತಲ್ವಾ ಭಾವ. ಜರಡಿ ಮೇಲೆ ಬೀಳಬಹುದು."

ಅವರು ಸ್ವಲ್ಪ ಹೊತ್ತು ಬೇಲಿಯನ್ನೇ ನೋಡಿದರು. "ಅಮ್ಮನ ಮಂಡಿನೋವು, ಅಡಿಕೆ ರೇಟು. ಅದು ಬಿಟ್ಟು ಇನ್ನೇನು ಮಾತಾಡ್ತಾಳೆ ಪಾಪ" ಅಂದರು. ಆಮೇಲೆ ಅವರೇ ಮೆಲ್ಲಗೆ, "ಆದರೂ ಅದು ಅವಳ ಮಾತು" ಅಂದರು.

ನಾಲ್ಕನೇ ದಿನ: ಜೂನ್ 5, ಗುರುವಾರ

ಮಳೆ. ಹೊರಗೆ ಹೋಗಲಿಲ್ಲ.

ಅಕ್ಕ ಲ್ಯಾಪ್‌ಟಾಪ್ ತೆರೆದು ತನ್ನ ಹೆಸರು ಹೊಡೆದು ತೋರಿಸಿದಳು. ವಿಳಾಸ, ಎಷ್ಟನೇ ಮಹಡಿ, ಹುಟ್ಟಿದ ದಿನ, ಮನೆಯಲ್ಲಿ ಇನ್ಯಾರಿದ್ದಾರೆ, ಎಲ್ಲ ಬಂತು. ಇಲ್ಲಿ ಇದು ಕಾನೂನುಬದ್ಧ. 1766ರಿಂದಲೇ ಸರ್ಕಾರಿ ಕಡತಗಳು ಜನರಿಗೆ ತೆರೆದಿರಬೇಕು ಅನ್ನುವ ಕಾನೂನು ಇರುವ ದೇಶ. ಯಾರ ಸಂಬಳ ಎಷ್ಟು ಅಂತ ಕೇಳಿ ತಿಳಿದುಕೊಳ್ಳಬಹುದು. ಅದೇ ದೇಶ 1973ರಲ್ಲಿ ಡೇಟಾ ರಕ್ಷಣೆಗೆ ಕಾನೂನು ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾನೂನು ಜಗತ್ತಿನಲ್ಲೇ ಅದು ಮೊದಲು. 1970ರ ಜನಗಣತಿ ಮಾಹಿತಿ ಕಂಪ್ಯೂಟರಿಗೆ ಹೋಗುತ್ತದೆ ಅಂತ ಜನ ಹೆದರಿದ್ದರಿಂದ ಬಂದದ್ದು. ಸರ್ಕಾರದ ಬಾಗಿಲು ತೆರೆದಿರಲಿ, ನನ್ನ ಪತ್ರ ಮುಚ್ಚಿರಲಿ. ಈ ಎರಡನ್ನೂ ಒಟ್ಟಿಗೆ ಕೇಳಬಹುದು ಅಂತ ಇಲ್ಲಿನವರಿಂದ ಕಲಿತೆ. ನಮ್ಮಲ್ಲಿ ಅದು ಉಲ್ಟಾ ಆಗುತ್ತಿದೆ ಅಂತ ನನಗೆ ಚಿಂತೆ.

ಮಧ್ಯಾಹ್ನ ಅಕ್ಕನ ಮಗಳು ಪಕ್ಕ ಬಂದು ಕೂತಳು. ಹದಿನಾಲ್ಕು ವರ್ಷ. ಕನ್ನಡ ಚೆನ್ನಾಗಿ ಆಡುತ್ತಾಳೆ.

"ಮಾವಾ, ನಮ್ಮ ಕ್ಲಾಸಲ್ಲಿ ಒಬ್ಬಳಿಗೆ ಯಾರೋ ದೊಡ್ಡವನು ಕೆಟ್ಟ ಮೆಸೇಜ್ ಕಳಿಸ್ತಿದ್ದ. ಎಲ್ಲರ ಮೆಸೇಜನ್ನೂ ಕಂಪ್ಯೂಟರ್ ಮೊದಲೇ ಓದಿದ್ರೆ ಅವನು ಸಿಕ್ಕಿಬೀಳ್ತಿರಲಿಲ್ವಾ?"

ತಳ್ಳಿಹಾಕುವ ಪ್ರಶ್ನೆ ಅಲ್ಲ. ಯುರೋಪಿಯನ್ ಕಮಿಷನ್ 2022ರ ಮೇ 11ರಂದು ಮುಂದಿಟ್ಟ ಮಸೂದೆಯ ಒಳಗಿರುವುದು ಇದೇ. ಅದನ್ನು ಮುಂದಿಟ್ಟ ಕಮಿಷನರ್ ಇಲ್ವಾ ಯೋಹಾನ್ಸನ್ ಸ್ವೀಡನ್ನಿನವರೇ. ಮಕ್ಕಳ ಮೇಲಿನ ದೌರ್ಜನ್ಯ ತಡೆಯುವುದು ಉದ್ದೇಶ. ಆ ಉದ್ದೇಶದ ಬಗ್ಗೆ ನನಗೆ ಎರಡು ಮಾತಿಲ್ಲ. ವಿರೋಧಿಸುವವರು ಅದಕ್ಕೆ ಚಾಟ್ ಕಂಟ್ರೋಲ್ ಅಂತ ಹೆಸರಿಟ್ಟಿದ್ದಾರೆ.

ಅವಳಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಮೆಸೇಜಿಗೆ ಬೀಗ ಬೀಳುವುದು ನಿನ್ನ ಫೋನಿನಲ್ಲೇ. ಹಾಗಾಗಿ ಓದಬೇಕಾದರೆ ಬೀಗ ಬೀಳುವ ಮೊದಲೇ, ನಿನ್ನ ಫೋನಿನ ಒಳಗೇ ಒಂದು ಕಣ್ಣು ಕೂರಿಸಬೇಕು. ನೀನು ಬರೆಯುವಾಗ ನಿನ್ನ ಹೆಗಲ ಮೇಲಿಂದ ಅದು ನೋಡುತ್ತಿರುತ್ತದೆ. ಕೆಟ್ಟವನನ್ನೂ ನೋಡುತ್ತದೆ, ನಿನ್ನನ್ನೂ ನೋಡುತ್ತದೆ. ಡಾಕ್ಟರಿಗೆ ಅಮ್ಮ ಕಳಿಸಿದ ಮಗುವಿನ ಫೋಟೋ ನೋಡಿ ತಪ್ಪು ತಿಳಿಯಬಹುದು. ಆ ಕಣ್ಣನ್ನು ನಾಳೆ ಇನ್ಯಾರೋ ಬೇರೆ ಕೆಲಸಕ್ಕೆ ತಿರುಗಿಸಬಹುದು. ಸರ್ಕಾರಕ್ಕೆ ಮಾತ್ರ ತೆರೆಯುವ, ಕಳ್ಳನಿಗೆ ತೆರೆಯದ ಹಿಂಬಾಗಿಲನ್ನು ಮಾಡಲು ನನ್ನಂಥವರಿಗೆ ಬರುವುದಿಲ್ಲ ಪುಟ್ಟಾ. ಯಾರಿಗೂ ಬರುವುದಿಲ್ಲ. ಸ್ವೀಡನ್ ಸರ್ಕಾರ ಅಂಥದ್ದೇ ಇನ್ನೊಂದು ಕಾನೂನು ತರಲು ಹೊರಟಾಗ, ಬಂದರೆ ನಾವು ಈ ದೇಶವನ್ನೇ ಬಿಡುತ್ತೇವೆ ಅಂತ ಮೆಸೇಜ್ ಕಳಿಸುವ ಸಿಗ್ನಲ್ ಆ್ಯಪ್‌ನವರು ಈ ವರ್ಷ ಫೆಬ್ರವರಿಯಲ್ಲಿ ಹೇಳಿದರು. ಸ್ವೀಡನ್ನಿನ ಸೈನ್ಯವೇ ಬೇಡ ಅಂದಿತು.

"ಆ ಹುಡುಗಿ ಆಮೇಲೆ ಏನು ಮಾಡಿದಳು?" ಕೇಳಿದೆ.

"ಅವಳಮ್ಮನಿಗೆ ಫೋನ್ ತೋರಿಸಿದಳು. ಅವರಮ್ಮ ಪೊಲೀಸರ ಹತ್ರ ಹೋದರು. ಅಲ್ಲಿಗೆ ನಿಂತಿತು."

ಅವಳು ಅಷ್ಟು ಹೇಳಿ ಎದ್ದು ಹೋದಳು. ನಾನು ಗಂಟೆಗಟ್ಟಲೆ ವಿವರಿಸಿದ್ದಕ್ಕಿಂತ ಅದು ದೊಡ್ಡದಾಗಿ ಕಂಡಿತು. ಆ ಹುಡುಗಿ ತಾನೇ ಒಬ್ಬರನ್ನು ನಂಬಿ, ತಾನೇ ಬಾಗಿಲು ತೆಗೆದಿದ್ದಳು. ಪೊಲೀಸರು ಆ ಬಾಗಿಲಿನಿಂದ ಒಳಗೆ ಬಂದರು.

ಐದನೇ ದಿನ: ಜೂನ್ 6, ಶುಕ್ರವಾರ

ಸ್ವೀಡನ್ನಿನ ರಾಷ್ಟ್ರೀಯ ದಿನ. ನೀಲಿ ಹಳದಿ ಬಾವುಟ ಎಲ್ಲ ಕಡೆ. ಭಾವನ ಕನ್ನಡದ ಗೆಳೆಯರು ಕೆಲವರು ಊಟಕ್ಕೆ ಬಂದಿದ್ದರು. ಬಿಸಿಬೇಳೆಬಾತ್, ಮೊಸರನ್ನ. ಮಾತು ಹೇಗೋ ಕೆ.ಎಸ್. ಪುಟ್ಟಸ್ವಾಮಿ ಅವರ ಕಡೆಗೆ ತಿರುಗಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು, ಖಾಸಗಿತನ ಮೂಲಭೂತ ಹಕ್ಕು ಅಂತ. ಕಳೆದ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಊಟಕ್ಕೆ ಕೂತ ಎಂಟು ಜನರಲ್ಲಿ ಆ ಹೆಸರು ಮೊದಲೇ ಗೊತ್ತಿದ್ದವರು ಇಬ್ಬರು. ಎಲ್ಲರೂ ಸಾಫ್ಟ್‌ವೇರ್‌ನವರು. ನಮ್ಮ ಮಕ್ಕಳಿಗೆ ಈ ಹೆಸರು ಹೇಳಿಕೊಡಬೇಕು ಅಂತ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ.

ಮುಂದಿನ ಎರಡು ದಿನ ಅಕ್ಕನ ಮನೆಯಲ್ಲೇ ಕಳೆದೆ. ಸೋಮವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ಗೆ ವಿಮಾನ, ಅಲ್ಲಿಂದ ರೈಲು. ಸಂಜೆಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಯುರೋಪಿಯನ್ ಸಂಸತ್ತು ಸೇರುವ ಊರು. ಅವತ್ತು ಅಲ್ಲಿ ಹಬ್ಬದ ರಜೆ, ಅಂಗಡಿಗಳೆಲ್ಲ ಮುಚ್ಚಿದ್ದವು.

ಕೊನೆಯ ದಿನ: ಜೂನ್ 10, ಮಂಗಳವಾರ

ಇ ಮಾರ್ಗದ ಟ್ರಾಮ್ ಹಿಡಿದು ಪಾರ್ಲಮಾಂ ಯುರೋಪೆಯನ್ ಸ್ಟಾಪಿನಲ್ಲಿ ಇಳಿದೆ. ಗಾಜಿನ ದೊಡ್ಡ ಕಟ್ಟಡ. ಪಾಸ್‌ಪೋರ್ಟ್ ತೋರಿಸಿ, ಬೆಲ್ಟ್ ಬಿಚ್ಚಿ, ಚೀಲ ತಪಾಸಣೆಗೆ ಕೊಟ್ಟು ಒಳಗೆ ಹೋದೆ. ಅವತ್ತು ಅಧಿವೇಶನ ಇರಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ಕೂತು ಖಾಲಿ ಕುರ್ಚಿಗಳನ್ನು ನೋಡಿದೆ. ಅರ್ಧಚಂದ್ರದ ಹಾಗೆ ಸಾಲು ಸಾಲು.

2009ರ ಏಪ್ರಿಲ್ 17ರಂದು ಪೈರೇಟ್ ಬೇ ನಡೆಸುತ್ತಿದ್ದವರಿಗೆ ಜೈಲು ಶಿಕ್ಷೆ ಆಯಿತು. ಪಕ್ಷದ ಸದಸ್ಯರ ಸಂಖ್ಯೆ ಕೆಲವೇ ದಿನದಲ್ಲಿ ದುಪ್ಪಟ್ಟಿಗೂ ಹೆಚ್ಚಾಯಿತು. ಜೂನ್ 7ರ ಚುನಾವಣೆಯಲ್ಲಿ 2,25,915 ಮತ, ಶೇ 7.13. ಎಂಗ್‌ಸ್ಟ್ರೋಮ್ ಇಲ್ಲಿಗೆ ಬಂದರು. ಈ ಜಾಗ ಅವರಿಗೆ ಹೊಸದಾಗಿರಲಿಲ್ಲ. ಸಾಫ್ಟ್‌ವೇರ್ ಪೇಟೆಂಟ್ ವಿರುದ್ಧ ಮೊದಲೇ ಹೋರಾಡಿದ್ದವರು. 2005ರ ಜುಲೈ 6ರಂದು ಅಂಥ ಪೇಟೆಂಟ್‌ಗೆ ದಾರಿ ಮಾಡಿಕೊಡುವ ಮಸೂದೆ 648ಕ್ಕೆ 14 ಮತಗಳಿಂದ ಬಿದ್ದದ್ದೂ ಇದೇ ಸಂಸತ್ತಿನಲ್ಲಿ.

ಬಂದ ವರ್ಷವೇ ಟೆಲಿಕಾಂ ಕಾನೂನಿನ ದೊಡ್ಡ ಚೌಕಾಸಿ ನಡೆಯುತ್ತಿತ್ತು. ಬರೀ ದೂರಿನ ಮೇಲೆ ಮನೆಯ ಇಂಟರ್ನೆಟ್ ಕಿತ್ತುಹಾಕುವ ಯೋಚನೆ ಫ್ರಾನ್ಸಿನಲ್ಲಿ ಜೋರಾಗಿದ್ದ ಕಾಲ. ನವೆಂಬರ್‌ನಲ್ಲಿ ಒಪ್ಪಂದ ಆದಾಗ ಅದರಲ್ಲಿ ಒಂದು ಸಾಲು ಸೇರಿತು. ಮೊದಲೇ ನ್ಯಾಯವಾದ ವಿಚಾರಣೆ ಆಗಬೇಕು, ತಪ್ಪು ಸಾಬೀತಾಗುವವರೆಗೆ ನಿರಪರಾಧಿ ಅಂತಲೇ ನೋಡಬೇಕು, ಖಾಸಗಿತನದ ಹಕ್ಕನ್ನು ಗೌರವಿಸಬೇಕು. ಆ ಮಾತುಕತೆಯ ಮೇಜಿನಲ್ಲಿ ಸಂಸತ್ತಿನ ಕಡೆಯಿಂದ ಎಂಗ್‌ಸ್ಟ್ರೋಮ್ ಇದ್ದರು. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ. ಸಾವಿರಾರು ಸಾಲಿನ ಮಧ್ಯೆ ಒಂದೇ ಸಾಲು ಸೇರಿಸಲು ತಿಂಗಳುಗಟ್ಟಲೆ ಜಗಳ. ಆ ಒಂದು ಸಾಲಿಲ್ಲದಿದ್ದರೆ ಇಡೀ ವ್ಯವಸ್ಥೆ ಬೇರೆಯದೇ ಆಗುತ್ತದೆ.

2011ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನಿಯಮ ಬದಲಿಸಿದ ಲಿಸ್ಬನ್ ಒಪ್ಪಂದದಿಂದ ಹೆಚ್ಚಾದ ಸೀಟಿನಲ್ಲಿ ಅದೇ ಪಕ್ಷದ ಅಮೇಲಿಯಾ ಆಂಡರ್ಸ್‌ಡಾಟರ್ ಕೂಡ ಬಂದರು. ಮರುವರ್ಷ ಜುಲೈ 4ರಂದು ನಕಲಿ ಸರಕು, ಕಾಪಿರೈಟ್ ಉಲ್ಲಂಘನೆ ತಡೆಯಲು ಮಾಡಿದ ಆಕ್ಟಾ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಈ ಕುರ್ಚಿಗಳ ಮುಂದೆ ಮತಕ್ಕೆ ಬಂತು. ಪರವಾಗಿ 39, ವಿರುದ್ಧ 478. ಸದಸ್ಯರು ಹಳದಿ ಫಲಕ ಎತ್ತಿ ಹಿಡಿದ ಫೋಟೋ ಎಷ್ಟೋ ಸಲ ನೋಡಿದ್ದೆ. ಯಾವ ಸಾಲಿನಲ್ಲಿ ಕೂತಿದ್ದರೋ ಅಂತ ಹುಡುಕಿದೆ. ಕುರ್ಚಿಗಳೆಲ್ಲ ಒಂದೇ ಥರ ಇದ್ದವು.

2014ರಲ್ಲಿ ಪಕ್ಷದ ಮತ ಶೇ 2ರ ಆಸುಪಾಸಿಗೆ ಕುಸಿಯಿತು. ಎರಡೂ ಸೀಟು ಹೋದವು. ಅದು ಅವರ ಹೋರಾಟದ ಸೋಲು ಅಂತ ನನಗೆ ಅನ್ನಿಸುವುದಿಲ್ಲ. ಅದೇ ವರ್ಷ ಏಪ್ರಿಲ್ 8ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಎಲ್ಲರ ಫೋನ್ ಮತ್ತು ಇಂಟರ್ನೆಟ್ ದಾಖಲೆಯನ್ನು ಕೂಡಿಡಿ ಅನ್ನುತ್ತಿದ್ದ 2006ರ ನಿರ್ದೇಶನವನ್ನೇ ರದ್ದು ಮಾಡಿತ್ತು. ಬೇರೆ ಬೇರೆ ಜನ, ಬೇರೆ ಬೇರೆ ಬಾಗಿಲಲ್ಲಿ ಒಂದೇ ಮಾತು ಹೇಳುತ್ತಿದ್ದರು.

ಹೊರಗೆ ಬಂದು ಮತ್ತೆ ಟ್ರಾಮ್ ಹತ್ತಿದೆ. ಮುಂದಿನ ಸ್ಟಾಪಿನ ಹೆಸರು ದ್ರುವಾ ದ ಲೋಮ್. ಮಾನವ ಹಕ್ಕುಗಳು ಅಂತ ಅರ್ಥ. ಟ್ರಾಮ್ ಸ್ಟಾಪಿಗೆ ಆ ಹೆಸರು! ಇಳಿದರೆ ಇಲ್ ನದಿ ದಂಡೆಯಲ್ಲಿ ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯ. ಮುಂದೆ ಎರಡು ದುಂಡನೆಯ ಗೋಪುರ. ಲೂವೋನ್ ದ್ವೀಪದ ಆ ಬೇಲಿಯ ಕಥೆ ಬಂದು ನಿಂತದ್ದು ಇಲ್ಲೇ. 2008ರಲ್ಲೇ ಸ್ವೀಡನ್ನಿನ ಒಂದು ಸಣ್ಣ ಸಂಸ್ಥೆ ಅರ್ಜಿ ಹಾಕಿತ್ತು. 2021ರ ಮೇ 25ರಂದು ತೀರ್ಪು ಬಂತು. ಜರಡಿ ಹಿಡಿಯುವುದನ್ನೇ ಪೂರ್ತಿ ನಿಲ್ಲಿಸಿ ಅಂತ ನ್ಯಾಯಾಲಯ ಹೇಳಲಿಲ್ಲ. ಆದರೆ ಜನರ ಖಾಸಗಿ ಬದುಕಿನ ಹಕ್ಕಿಗೆ ಸ್ವೀಡನ್ ಸಾಕಷ್ಟು ಕಾವಲು ಇಟ್ಟಿಲ್ಲ, ಹಕ್ಕು ಮುರಿದಿದೆ ಅಂತ ಹೇಳಿತು. ಹದಿಮೂರು ವರ್ಷ ಕಾದಿದ್ದರು. ಭಾವನಿಗೆ ಫೋಟೋ ಕಳಿಸಿದೆ. ಇಲ್ಲಿ ಫೋಟೋ ತೆಗೆಯಬೇಡಿ ಅನ್ನುವ ಬೋರ್ಡು ಇರಲಿಲ್ಲ.

ಹಳೇ ಕಂಪನಿಗೆ ಹಿಂದಿನ ರಾತ್ರಿಯೇ ಮೇಲ್ ಬರೆದಿದ್ದೆ. ಆ ಡೇಟಾಬೇಸಿನಲ್ಲಿ ಈಗಲೂ ನಿಜವಾದ ಜನ ಇದ್ದಾರಾ ಅಂತ ನೇರವಾಗಿ ಕೇಳಿದ್ದೆ. ಇನ್ನೊಂದು ಬಾಕಿ ಇತ್ತು. ನದಿ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು, ಚೀಲದಿಂದ ಕಾಗದ ತೆಗೆದು ಬರೆದೆ. "ಪೂಜ್ಯ ಮೇಷ್ಟ್ರೇ, ನಮಸ್ಕಾರ. ನಿಮ್ಮ ಒಂದು ವಿಷಯ ನಾನು ಓದಬಾರದಿತ್ತು, ಓದಿದೆ. ಯಾರಿಗೂ ನಿಮ್ಮ ಹೆಸರು ಹೇಳಿಲ್ಲ. ನಿಮಗಾದರೂ ಆಗಲೇ ಹೇಳಬೇಕಿತ್ತು, ಹೇಳಲಿಲ್ಲ..." ಮೂರು ಪುಟ ಆಯಿತು. ಇಷ್ಟು ಕನ್ನಡವನ್ನು ಕೈಯಲ್ಲಿ ಬರೆದು ಎಷ್ಟು ವರ್ಷ ಆಗಿತ್ತೋ. ಬೆರಳು ನೋಯುತ್ತಿತ್ತು.

ಹತ್ತಿರದ ಅಂಗಡಿಯಲ್ಲಿ ಅಂಚೆ ಚೀಟಿ, ಲಕೋಟೆ ತೆಗೆದುಕೊಂಡೆ. ಅಂಚಿಗೆ ನಾಲಿಗೆ ತಾಗಿಸಿ, ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿ, ಎರಡೂ ಮೂಲೆ ಸರಿಯಾಗಿ ಕೂತಿದೆಯಾ ಅಂತ ಇನ್ನೊಮ್ಮೆ ನೋಡಿ, ಹಳದಿ ಡಬ್ಬಕ್ಕೆ ಹಾಕಿದೆ.